ಎತ್ತಲಾಗುವಷ್ಟು ಹಗುರ

ವಿಶಾಖಪಟ್ಟಣದಲ್ಲಿ ನನ್ನ ಅಕ್ಕನ ಮನೆ ಸಿಂಹಾಚಲದ ಬೆಟ್ಟ ಶುರುವಾಗುವ ಕಡೆ, ಇಳಿಜಾರಿನಲ್ಲಿದೆ. ರಸ್ತೆಯಿಂದ ಜಗಲಿಗೆ ಬರಬೇಕಾದರೆ ಕಲ್ಲಿನ ಮೆಟ್ಟಿಲು ಹತ್ತಬೇಕು. ಗ್ಯಾಸ್ ಸಿಲಿಂಡರ್ ತರುವವನು ಪ್ರತಿ ಸಲವೂ ಹತ್ತುತ್ತಾ ತೆಲುಗಿನಲ್ಲಿ ಏನೋ ಗೊಣಗುತ್ತಾನೆ. ಅದರ ಅರ್ಥವನ್ನು ಅಕ್ಕ ಇದುವರೆಗೆ ನನಗೆ ಹೇಳಿಲ್ಲ.

ಭಾವ ನೌಕಾಪಡೆಯಲ್ಲಿದ್ದವರು. ನೌಕರಿಯ ಬಹುಪಾಲನ್ನು ಹಡಗಿನ ಎಂಜಿನ್ ಕೋಣೆಯಲ್ಲೇ ಕಳೆದಿದ್ದರು. ಹಾಸನದ ಕಡೆಯವರಾದರೂ ನಿವೃತ್ತಿಯ ನಂತರ ಊರಿಗೆ ಮರಳದೆ ಈ ಮೆಟ್ಟಿಲ ಮನೆಯನ್ನೇ ಕೊಂಡರು. ಜಗಲಿಯಲ್ಲಿ ಕೂತರೆ ಮಂಜಿಲ್ಲದ ದಿನ ಬಂದರಿನ ಕ್ರೇನುಗಳು ಕಾಣುತ್ತವೆ, ಕೆಳಗಿಳಿದು ರಸ್ತೆಯ ತಿರುವು ದಾಟಿದರೆ ಬೆಟ್ಟದ ಮಣ್ಣುದಾರಿ, ಇನ್ನೇನು ಬೇಕು ಎನ್ನುತ್ತಿದ್ದರು. ಬೆಳಗ್ಗೆ ಎದ್ದು ಆ ದಾರಿಯಲ್ಲಿ ಗೇರುತೋಪಿನವರೆಗೆ ಸೈಕಲ್ ತುಳಿದು ಬರುವುದು ಅವರ ಅಭ್ಯಾಸ. ಹಿಂತಿರುಗಿದ ಮೇಲೆ ಕಾಫಿ ಕುಡಿಯುತ್ತಾ ಪಹರೆ ಮುಗಿಸಿದವರ ಹಾಗೆ ವರದಿ ಒಪ್ಪಿಸುತ್ತಿದ್ದರು. ಎಲ್ಲಿ ಮಣ್ಣು ಕುಸಿದಿದೆ, ಯಾರ ಎಮ್ಮೆ ಕರು ಹಾಕಿದೆ, ಗೇರು ಚಿಗುರಿದೆಯೋ ಇಲ್ಲವೋ.

ಆಮೇಲೆ ಅವರ ಶ್ವಾಸಕೋಶ ಗಟ್ಟಿಯಾಗತೊಡಗಿತು. ಔಷಧಿ ಅದನ್ನು ನಿಧಾನ ಮಾಡಬಹುದು, ನಿಲ್ಲಿಸಲಾರದು ಎಂದರು ಡಾಕ್ಟರು. ಏದುಸಿರು ಬರುವಷ್ಟು ದುಡಿಯಬೇಡಿ, ಹಾಗಂತ ಮಲಗಿಯೇ ಇರಬೇಡಿ ಎಂದೂ ಹೇಳಿದರು. ಆ ಎರಡು ಮಾತಿನ ನಡುವೆ ಹಿಡಿಸುವಂಥದ್ದು ಬ್ಯಾಟರಿ ಸೈಕಲ್ ಒಂದೇ ಎಂದು ಕಂಡುಹಿಡಿದವನು ನಾನು.

ನಾನು ವಿಜಯವಾಡದ ಹೊರಗೆ ಒಂದು ಔಷಧಿ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ. ಆಗಬಾರದ್ದನ್ನೆಲ್ಲ ಮುಂಚಿತವಾಗಿ ಕಲ್ಪಿಸಿಕೊಳ್ಳುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ರಜೆಯ ದಿನ ಅದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತೇನೆ. ಕಾಲೇಜಿನ ದಿನಗಳಿಂದಲೂ ಮನೆಗೆ ಬೀಗ ಹಾಕಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡುವ ಜಾತಿ ನನ್ನದು.

ಸೈಕಲ್ ವಿಷಯದಲ್ಲಿ ಭಾವ ಹಾಕಿದ ಷರತ್ತು ಒಂದೇ.

"ನಾನೇ ಎತ್ಕೊಂಡು ಮೆಟ್ಲು ಇಳಿಯೋ ಹಂಗಿರ್ಬೇಕು. ಎತ್ತಕ್ಕಾಗ್ದಿರೋ ದಿನ ನಿಲ್ಸ್‌ಬಿಡ್ತೀನಿ."

"ಅಯ್ಯೋ, ನಾನು ಎತ್ತಿ ಇಳಿಸಿ ಕೊಡ್ತೀನಿ ಬಿಡಿ," ಎಂದಳು ಅಕ್ಕ.

"ನೀನು ಎತ್ತೋದಾದ್ರೆ ನೀನೇ ಓಡ್ಸು. ಹಡಗು ಹತ್ತೋವಾಗ ಅವನವನ ಕಿಟ್‌ಬ್ಯಾಗ್ ಅವನವನೇ ಹೊರ್ಬೇಕು. ಹೊರಕ್ಕಾಗ್ದೋನು ದಡದಲ್ಲಿರ್ಬೇಕು."

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದಳು. "ಇವ್ರು ಸೈಕಲ್ ನಿಲ್ಲಿಸಿದ ದಿನ ಹಾಸಿಗೆ ಹಿಡೀತಾರೆ ಕಣೋ. ನಂಗೊತ್ತು. ನೋಡಿ ತಗೊಂಡ್ ಬಾ."

ಹಾಗಾಗಿ ಹಗುರ ಜಾತಿಯದನ್ನೇ ಹುಡುಕಿದೆ. ಬೆಟ್ಟದ ದಾರಿಗೆ ಮಾಡಿದ ಸೈಕಲ್, ಕಾರ್ಬನ್ನಿನ ಚೌಕಟ್ಟು, ಅದರ ಹೊಟ್ಟೆಯೊಳಗೇ ಅಡಗಿದ ಸಣ್ಣ ಬ್ಯಾಟರಿ. ಪೆಡಲ್ ತುಳಿದರೆ ಮಾತ್ರ ಕೈ ಜೋಡಿಸುವ, ತುಳಿಯದಿದ್ದರೆ ತೆಪ್ಪಗಿರುವ ಪುಟ್ಟ ಮೋಟಾರು. ವಿಜಯವಾಡದ ಅಂಗಡಿಯವನು ಜೋಡಿಸಿ ಕೊಟ್ಟದ್ದನ್ನು ನಾನು ಮನೆಗೆ ತಂದು ಬಿಚ್ಚಿ ಮತ್ತೆ ಜೋಡಿಸಿದೆ. ಪರೀಕ್ಷೆಗೆಂದು, ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಏರಿನಲ್ಲಿ ಒಂದಷ್ಟು ದೂರ ಹತ್ತಿಸಿದೆ. ಮೋಟಾರಿದ್ದೂ ನಾನು ಏದುಸಿರು ಬಿಡುವುದನ್ನು ಕಂಡು, ಕೆಂಪು ಬಟ್ಟೆ ತೊಟ್ಟು ಬರಿಗಾಲಲ್ಲಿ ಅಮ್ಮನ ದರ್ಶನಕ್ಕೆ ಹತ್ತುತ್ತಿದ್ದ ಭಕ್ತರೊಬ್ಬರು ತಮ್ಮ ನೀರಿನ ಬಾಟಲಿ ನನಗೆ ಕೊಟ್ಟು ಮುಂದೆ ಹೋದರು. ಆಮೇಲೆ ಸೈಕಲನ್ನು ರೈಲಿನ ಲಗೇಜು ಬೋಗಿಗೆ ಹಾಕಿ, ಏಲೂರು, ರಾಜಮಂಡ್ರಿ, ತುನಿ, ಅನಕಾಪಲ್ಲಿ ಎಲ್ಲ ಕಡೆ ಇಳಿದು ಓಡಿ, ಅದು ಒಳಗೇ ಇದೆಯೇ ಎಂದು ಇಣುಕಿ ನೋಡುತ್ತಾ ವಿಶಾಖಪಟ್ಟಣ ಮುಟ್ಟಿದೆ.

ಜಗಲಿಯಲ್ಲಿ ಅದನ್ನು ಭಾವನ ಮೈಗೆ ಹೊಂದಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಸೀಟಿನ ಎತ್ತರ, ಹ್ಯಾಂಡಲಿನ ಕೋನ, ಮೋಟಾರು ಎಷ್ಟು ನೆರವಾಗಬೇಕೆಂಬ ಮೂರು ಮಟ್ಟ ಎಲ್ಲ ಆಯಿತು. ಕೊನೆಗೆ ಮುಂದಿನ ಚಕ್ರವನ್ನು ಎರಡು ಕಡೆಯಿಂದ ಹಿಡಿದಿರುವ ಫೋರ್ಕ್. ಅದರೊಳಗೆ ಸ್ಪ್ರಿಂಗಿನ ಬದಲು ಗಾಳಿ ಇರುತ್ತದೆ. ಕೈಪಂಪಿನಿಂದ ಆ ಗಾಳಿಯನ್ನು ಸವಾರನ ತೂಕಕ್ಕೆ ಸರಿಯಾಗಿ ತುಂಬಬೇಕು. ಫೋರ್ಕಿನ ಕಾಲಿಗೆ ಒಂದು ರಬ್ಬರ್ ಉಂಗುರ ಹಾಕಿರುತ್ತಾರೆ. ಸವಾರ ಕೂತಾಗ ಫೋರ್ಕ್ ಎಷ್ಟು ಕುಗ್ಗಿತೋ ಅಷ್ಟು ದೂರ ಉಂಗುರ ಸರಿಯುತ್ತದೆ. ಅದು ಕಡಿಮೆ ಸರಿದರೆ ಗಾಳಿ ಹೆಚ್ಚಾಗಿದೆ ಎಂದರ್ಥ.

"ಕೂತ್ಕೊಳಿ ಭಾವ. ಅಲ್ಲಾಡ್ಬೇಡಿ."

"ಉಸಿರಾಡ್ಬೋದಾ?"

"ಮೆಲ್ಲಗೆ."

"ಅದೊಂದು ನಂಗೆ ಹೇಳ್ಕೊಡ್ಬೇಕಾಗಿಲ್ಲ."

ಭಾವ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದರು. ಕೆಳಗೆ ಪಕ್ಕದ ಮನೆಯಾಕೆ "ಕರೆಂಟು ಸೈಕಿಲಾ ಅಂಡಿ?" ಎಂದು ಕೇಳಿದ್ದಕ್ಕೆ ದೊಡ್ಡದಾಗಿ ತಲೆಯಾಡಿಸಿ, ತುಳಿದು ತಿರುವಿನಲ್ಲಿ ಮರೆಯಾದರು. ಬಂದ ಮೇಲೆ ಬಹಳ ದಿನಗಳ ನಂತರ ವರದಿ ಒಪ್ಪಿಸಿದರು. ಗೇರುತೋಪಿನ ಬೇಲಿ ಯಾರೋ ಹೊಸದಾಗಿ ಕಟ್ಟಿದ್ದಾರಂತೆ. ಅಕ್ಕ ಎರಡನೇ ಸಲ ಕಾಫಿ ಕೊಟ್ಟಳು.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಮುಗಿಯಿತೆಂದು ಒಪ್ಪುವ ಸ್ವಭಾವ ನನಗಿಲ್ಲ. ವಿಜಯವಾಡದಲ್ಲಿ ಊಟದ ಬಿಡುವಿನಲ್ಲಿ, ಇಂಥ ಸೈಕಲ್ಲಿಟ್ಟುಕೊಂಡವರು ಅಂತರ್ಜಾಲದಲ್ಲಿ ಬರೆದುಕೊಂಡದ್ದನ್ನೆಲ್ಲ ಓದತೊಡಗಿದೆ. ಲೋಕದ ಯಾವ ಮೂಲೆಯಲ್ಲಿ ಯಾರು ಹೇಗೆ ಬಿದ್ದರೂ ನನಗೆ ಭಾವನೇ ಬಿದ್ದಂತೆ. ಒಬ್ಬನಿಗೆ ಕಾಡಿನಲ್ಲಿ ಪಂಕ್ಚರ್ ಆಗಿತ್ತೆಂದು ಓದಿ ದಪ್ಪ ಟೈರನ್ನೂ ಅದರೊಳಗೆ ಹಾಕುವ ಫೋಮಿನ ಪಟ್ಟಿಯನ್ನೂ ತಂದೆ. ಇನ್ನೊಬ್ಬನ ಬ್ರೇಕು ಇಳಿಜಾರಿನಲ್ಲಿ ಕಾದು ಕೈಕೊಟ್ಟಿತ್ತು, ಹಾಗಾಗಿ ದೊಡ್ಡ ಡಿಸ್ಕು. ಅರ್ಧ ದಾರಿಯಲ್ಲಿ ಚಾರ್ಜು ಮುಗಿದರೆ ಭಾವ ಬರೀ ಕಾಲಿನ ಬಲದಿಂದಲೇ ತುಳಿಯಬೇಕಾದೀತೆಂದು ನೀರಿನ ಬಾಟಲಿಯ ಜಾಗಕ್ಕೆ ಹೆಚ್ಚುವರಿ ಬ್ಯಾಟರಿ. ನಿಂತಾಗ ಕಾಲು ನೆಲಕ್ಕೆ ಸಿಗಲೆಂದು, ಗುಂಡಿ ಒತ್ತಿದರೆ ತಗ್ಗುವ ಸೀಟುಕಂಬ. ಆಮೇಲೆ ಕನ್ನಡಿ, ಮಡ್‌ಗಾರ್ಡು, ಸ್ಟ್ಯಾಂಡು, ಆಕ್ಸಿಜನ್ ಕ್ಯಾನು ಇಡಲು ಒಂದು ಚೀಲ. ಬೆರಳಿಗೆ ಹಾಕಿ ಆಕ್ಸಿಜನ್ ನೋಡುವ ಯಂತ್ರವನ್ನೂ ಜೋಡಿಯಾಗಿ ತಂದಿದ್ದೆ, ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಲಿ ಎಂದು. ಅವು ಒಂದು ದಿನವೂ ಒಂದೇ ಮಾತು ಹೇಳಲಿಲ್ಲ.

ಅಕ್ಕನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಇಂಕ ಏಮಿ ಬಾಕಿ? ಮೇಲೊಂದು ಛತ್ರಿನೂ ಸಿಗಿಸ್ಬಿಡು, ಮೆರವಣಿಗೆ ಮಾಡೋಣ," ಎಂದಳು.

"ಸುಮ್ನಿರೇ. ಅವನಿಗೂ ಒಂದು ಕೆಲ್ಸ ಬೇಕಲ್ಲ," ಎಂದರು ಭಾವ.

ಪ್ರತಿ ಸಲ ಹೋದಾಗಲೂ ಅವರನ್ನು ಕೂರಿಸಿ ಉಂಗುರ ನೋಡುತ್ತಿದ್ದೆ. ಪ್ರತಿ ಸಲವೂ ಅದು ಹಿಂದಿನ ಸಲಕ್ಕಿಂತ ಕಡಿಮೆ ಸರಿದಿರುತ್ತಿತ್ತು. ಕವಾಟ ಒತ್ತಿ ಸ್ವಲ್ಪ ಗಾಳಿ ಬಿಡುತ್ತಿದ್ದೆ. ಅದು ಪುಸ್ಸೆಂದು ಹೋಗುವ ಸದ್ದು ಇಬ್ಬರಿಗೂ ಕೇಳಿಸುತ್ತಿತ್ತು.

"ಈ ಪಂಪಿನ ಮೀಟ್ರು ಸರಿಯಿಲ್ಲ ಅನ್ಸುತ್ತೆ ಭಾವ," ಎಂದೆ ಒಮ್ಮೆ.

"ಮೀಟ್ರು ಸರಿಯಾಗೇ ಇದೆ ಕಣಯ್ಯ," ಎಂದರು. ಅವರ ಅಂಗಿಯ ಕಾಲರಿಗೂ ಕುತ್ತಿಗೆಗೂ ನಡುವೆ ನನ್ನ ಕೈ ಹೋಗುವಷ್ಟು ಜಾಗವಾಗಿತ್ತು.

ಮಳೆಗಾಲ ಮುಗಿದ ಮೇಲೆ ಹೋದ ಸಲ ಸೈಕಲ್ಲಿನ ಚೈನಿನ ಮೇಲೆ ತುಕ್ಕಿನ ಪುಡಿ ಕಂಡೆ. ಬಂದರಿನ ಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ, ಆದರೆ ಓಡುವ ಚೈನಿಗೆ ಅಷ್ಟು ಹಿಡಿಯುವುದಿಲ್ಲ. ಕೇಳಿದ್ದಕ್ಕೆ ದಾರಿಯಲ್ಲಿ ಕೆಸರು ಎಂದರು ಭಾವ. ಮರುದಿನ ಬೆಳಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಅವರು ಸೈಕಲ್ಲನ್ನು ಮೆಟ್ಟಿಲ ತಲೆಗೆ ತಂದರು. ಎತ್ತಿದರು. ಹಿಂದಿನ ಚಕ್ರ ನೆಲ ಬಿಡಲಿಲ್ಲ. ಕೆಳಗಿಟ್ಟು, ಕುಕ್ಕರುಗಾಲಲ್ಲಿ ಕೂತು, ಚೈನು ಪರೀಕ್ಷಿಸುವವರ ಹಾಗೆ ಅದರ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಉಸಿರೆಳೆದುಕೊಂಡರು.

"ದಿನಾ ಹಿಂಗೇ," ಎಂದಳು ಅಕ್ಕ, ನನ್ನ ಬೆನ್ನ ಹಿಂದೆ ನಿಂತು. "ನೀನು ತಂದ್ ಸಿಗಿಸಿದ್ದು ಬಿಚ್ಚಿಸಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಬೇಡ ಅಂದ್ರು."

ಹೊರಗೆ ಹೋಗಿ ನಾನೇ ಒಂದು ಸಲ ಸೈಕಲ್ ಎತ್ತಿ ನೋಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಎಲ್ಲದಕ್ಕೂ ಪರೀಕ್ಷೆ ಇಟ್ಟುಕೊಂಡಿದ್ದ ನಾನು ಹಗುರವಾಗಿದ್ದ ಒಂದೇ ಕಾರಣಕ್ಕೆ ಕೊಂಡ ಸೈಕಲ್ಲನ್ನು, ಬಂದ ದಿನದಿಂದ ಎತ್ತಿಯೇ ನೋಡಿರಲಿಲ್ಲ. ಭಾವನಿಗೆ ಯಾವ ಯಾವ ರೀತಿ ಅಪಾಯವಾಗಬಹುದೆಂದು ಯೋಚಿಸಿದ್ದೆನೋ ಅದೆಲ್ಲದರ ಭಾರ ಅದರ ಮೇಲಿತ್ತು.

ಆ ದಿನ ಮಧ್ಯಾಹ್ನ ಜಗಲಿಯ ಮೇಲೆ ಹಳೆಯ ಪೇಪರು ಹಾಸಿ ಇಬ್ಬರೂ ಕೂತೆವು. ನಾನು ಬಿಚ್ಚುತ್ತಾ ಹೋದೆ. ಭಾವ ಒಂದೊಂದನ್ನೂ ಒರೆಸಿ, ಎಂಜಿನ್ ಕೋಣೆಯ ಶಿಸ್ತಿನಲ್ಲಿ, ಬಿಚ್ಚಿದ ಕ್ರಮಕ್ಕೇ ಸಾಲಾಗಿ ಇಡುತ್ತಾ ಹೋದರು.

"ಈ ಕನ್ನಡಿ?" ಎಂದೆ.

"ಬಿಚ್ಚು. ಹಿಂದಿಂದ ಬರೋದು ಬರುತ್ತೆ."

"ಆಕ್ಸಿಜನ್ ಚೀಲ ಇರ್ಲಿ ಭಾವ."

ಅವರು ಚೀಲವನ್ನು ಕೈಯಲ್ಲಿ ತೂಗಿ ನೋಡಿದರು, ಸೈಕಲ್ ಕಡೆ ನೋಡಿದರು. "ಇದನ್ನ ಹೊತ್ಕೊಂಡು ಇಳಿಯಕ್ಕೆ ಇದೇ ಬೇಕಾಗುತ್ತೆ. ಬಿಚ್ಚು."

ಹಳೆಯ ಟೈರು, ಹಳೆಯ ಡಿಸ್ಕು, ಸಾದಾ ಸೀಟುಕಂಬ ಎಲ್ಲ ವಾಪಸು ಬಂದವು. ಸಂಜೆಗೆ ಸೈಕಲ್ ಪೆಟ್ಟಿಗೆಯಿಂದ ತೆಗೆದ ದಿನದ ಹಾಗಾಯಿತು. ಮರುದಿನ ಭಾವ ಅದನ್ನೆತ್ತಿ, ಪ್ರತಿ ಮೆಟ್ಟಿಲಿಗೂ ನಿಂತು ನಿಂತು ಕೆಳಗೆ ತಲುಪಿದರು. ಆಕ್ಸಿಜನ್ ಚೀಲವನ್ನು ನಾನು ಹೊತ್ತು ಅವರ ಹಿಂದೆ ಇಳಿದೆ. ಕೆಳಗೆ ಅದನ್ನು ಕೊಡಹೋದರೆ ನನ್ನ ಹೆಗಲಿಗೇ ಬಿಟ್ಟು, ಸೈಕಲ್ ಹತ್ತಿ ತಿರುವಿನವರೆಗೆ ಹೋಗಿ ಬಂದರು. ಅಲ್ಲಿಂದ ಗೇರುತೋಪು ಕಾಣುವುದಿಲ್ಲ. ಆದರೂ ಬಂದು, "ದಾರಿ ಒಣಗಿದೆ," ಎಂದು ವರದಿ ಒಪ್ಪಿಸಿದರು.

ನಂತರದ ಸಲ ಹೋದಾಗ ಅದೂ ಆಗುತ್ತಿರಲಿಲ್ಲ. ಮೋಟಾರಿನ ನೆರವನ್ನು ಫೋನಿನ ಆ್ಯಪಿನಿಂದ ತುತ್ತತುದಿಗೆ ಏರಿಸಿಟ್ಟಿದ್ದೆ. ಆದರೆ ಮೋಟಾರು ನೆರವಾಗುವುದು ರಸ್ತೆಯಲ್ಲಿ, ಮೆಟ್ಟಿಲಲ್ಲಿ ಅಲ್ಲ. ಬ್ಯಾಟರಿಯನ್ನೂ ಹೊರತೆಗೆದು ನೋಡೋಣವೆಂದೆ. ಅದನ್ನು ಬೇರೆಯಾಗಿ ಕೆಳಗೆ ಒಯ್ದು ಅಲ್ಲೇ ಜೋಡಿಸಬಹುದು, ಸುಲಭ.

"ಸಾಕು ಬಿಡಯ್ಯ," ಎಂದರು ಭಾವ. ಆಗ ಅವರ ಮೂಗಿಗೆ ಆಕ್ಸಿಜನ್ನಿನ ನಳಿಕೆ ಬಂದಿತ್ತು, ಮೂಲೆಯಲ್ಲಿ ಯಂತ್ರ ಗುರ್ರೆನ್ನುತ್ತಿತ್ತು. "ಇನ್ನು ಬಿಚ್ಚಕ್ಕೆ ಉಳಿದಿರೋದು ನಾನೊಬ್ನೇ."

ಅಕ್ಕ ಒಳಗೆ ಹೋದಳು.

ಅವರು ಈಗಿಲ್ಲ. ಹೋಗಿ ಒಂದು ಮಳೆಗಾಲ ಕಳೆದಿದೆ. ಅಕ್ಕ ಹೇಳಿದ್ದು ನಿಜವಾಯಿತು, ಸೈಕಲ್ ನಿಂತ ಮೇಲೆ ಅವರು ಹಾಸಿಗೆಯಿಂದ ಏಳುವುದು ಕಡಿಮೆಯಾಗುತ್ತಾ ಹೋಯಿತು. ಆದರೆ ಪೂರ್ತಿ ಹಾಸಿಗೆ ಹಿಡಿಯುವುದಕ್ಕೂ ಮೊದಲು, ಸಂಕ್ರಾಂತಿಯ ರಜೆಗೆ ನಾನು ಹೋಗಿದ್ದಾಗ, ಒಂದು ಬೆಳಗ್ಗೆ ಜಗಲಿಗೆ ಕುರ್ಚಿ ಹಾಕಿಸಿಕೊಂಡರು. ನಳಿಕೆ ಅಲ್ಲಿಯವರೆಗೆ ಎಟುಕುತ್ತಿತ್ತು. ಪಂಪು ತರಲು ಹೇಳಿದರು. ಸೈಕಲ್ಲನ್ನು ಗೋಡೆಗೊರಗಿಸಿಕೊಂಡು ಕೂರು ಎಂದರು.

"ನಾನಾ?"

"ಮತ್ತಿನ್ಯಾರು. ಅಲ್ಲಾಡ್ಬೇಡ."

ಫೋರ್ಕಿನಲ್ಲಿದ್ದದ್ದು ಅವರ ತೂಕಕ್ಕೆ ತಕ್ಕಷ್ಟು ಗಾಳಿ. ನಾನು ಕೂತದ್ದೇ ಅದು ತಳದವರೆಗೆ ಕುಸಿಯಿತು. ಭಾವ ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿದರು. ಪಂಪು ಸಿಗಿಸಿ ಒತ್ತತೊಡಗಿದರು. ಕೆಲವು ಸಲ ಒತ್ತುವುದು, ನಿಲ್ಲುವುದು, ನಳಿಕೆಯಿಂದ ಎಳೆದುಕೊಳ್ಳುವುದು, ಮತ್ತೆ ಒತ್ತುವುದು. ನಾನು ಕೈ ಚಾಚಿದೆ. ಬಾಗಿಲಲ್ಲಿದ್ದ ಅಕ್ಕ ಬೇಡವೆಂದು ತಲೆಯಾಡಿಸಿದಳು. ಅವರಲ್ಲಿಲ್ಲದ ಗಾಳಿ ನನ್ನ ಕೆಳಗೆ ತುಂಬುತ್ತಿತ್ತು, ನಾನು ಅಲ್ಲಾಡದೆ ಕೂತಿದ್ದೆ. ಕೊನೆಗೆ ಉಂಗುರ ನಿಲ್ಲಬೇಕಾದಲ್ಲಿ ನಿಂತಿತು.

"ಎತ್ತು," ಎಂದರು. "ಗೇರುತೋಪಿನವರೆಗೂ ಹೋಗಿ ಬಾ."

ಎತ್ತಿಕೊಂಡು ಇಳಿದೆ. ಹೋದೆ. ದಾರಿಯುದ್ದಕ್ಕೂ ಬ್ರೇಕಿನ ಲಿವರಿನಿಂದ ಬೆರಳು ತೆಗೆಯಲಿಲ್ಲ, ಮುಂದಿನ ಚಕ್ರದಿಂದ ಕಣ್ಣು ತೆಗೆಯಲಿಲ್ಲ. ಬೇಲಿ ಕಂಡಲ್ಲಿ ತಿರುಗಿಸಿಕೊಂಡು ಬಂದುಬಿಟ್ಟೆ. ಸೈಕಲ್ ಹೊತ್ತು ಮೆಟ್ಟಿಲು ಹತ್ತಿ ಜಗಲಿ ಸೇರುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು, ಮಾತೇ ಹೊರಡಲಿಲ್ಲ.

"ಮೊದ್ಲು ಉಸಿರು ತಗೋ," ಎಂದರು ಭಾವ. "ಆಮೇಲೆ ಹೇಳು."

ಅವರು ಕಾದರು. ಉಸಿರು ಬಂದ ಮೇಲೆ, ಹಿಂದಿನ ಬ್ರೇಕು ಇಳಿಜಾರಿನಲ್ಲಿ ಸ್ವಲ್ಪ ಕೀಚಲು ದನಿ ಮಾಡುತ್ತದೆ, ಎರಡನೇ ತಿರುವಿನಲ್ಲಿ ಜಲ್ಲಿ ಸಡಿಲವಾಗಿದೆ, ಒಂದು ಕಡೆ ಅಂಚು ಕುಸಿಯುವ ಹಾಗಿದೆ ಎಂದೆ.

"ಗೇರು ಹೂ ಬಿಟ್ಟಿದ್ಯಾ?"

"ನೋಡ್ಲಿಲ್ಲ ಭಾವ."

ಅವರು ನನ್ನನ್ನೇ ನೋಡಿದರು. ಒಳಗೆ ಮೂಲೆಯಲ್ಲಿ ಯಂತ್ರ ಗುರ್ರೆನ್ನುತ್ತಲೇ ಇತ್ತು.

"ಹಂಗಾದ್ರೆ ಇನ್ನೊಂದ್ಸಲ ಹೋಗ್ ಬಾ."

ನಾನು ಸೈಕಲ್ ಎತ್ತಿಕೊಂಡು ಮತ್ತೆ ಮೆಟ್ಟಿಲಿಳಿದೆ.