ಮುತ್ತಜ್ಜನ ಎಲೆ ಎಲ್ಲಿ ಹಾಕುವುದು

ಇಲ್ಲ, ಬಳೆ ಹಸಿರೇ ಇದ್ದಿರಬೇಕು. ಕೆಂಪು ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಆದರೆ ಆ ಕೆಂಪು ನಾನು ಕಂಡದ್ದೋ ಸೋದರತ್ತೆ ಹೇಳಿದ್ದೋ, ಈಗ ಬಿಡಿಸಲಾರೆ. ಮುತ್ತಜ್ಜಿ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಚಾಮರಾಜಪೇಟೆಯ ಮನೆಯ ಜಗಲಿಯಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದಳು, ಕೈ ಆಡಿದಾಗೆಲ್ಲ ಬಳೆ ಸದ್ದಾಗುತ್ತಿತ್ತು. ಅಷ್ಟು ಚಿಕ್ಕ ಮಗುವಿಗೆ ಇದೆಲ್ಲ ನೆನಪಲ್ಲಿ ಉಳಿಯುತ್ತದೆಯೇ? ಬಣ್ಣ ಯಾವುದಾದರೂ ಇರಲಿ, ಸಾಯುವವರೆಗೂ ಅವಳು ಬಳೆ, ಕುಂಕುಮ ತೆಗೆಯಲಿಲ್ಲ. ಇದನ್ನು ನಂಬಬಹುದು, ಏಕೆಂದರೆ ಇದರ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಅವಳ ಗಂಡ, ನನ್ನ ಮುತ್ತಜ್ಜ, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯ ಸೇರಿ ಈಗಿನ ಇರಾಕಿನ ಬಸ್ರಾಕ್ಕೆ ಹೋದವನು. ನಮ್ಮವರು ಅದನ್ನು ಜರ್ಮನಿ ಯುದ್ಧ ಎನ್ನುತ್ತಿದ್ದರು. ಅವನು ಹೋದದ್ದು ತುರ್ಕರ ಮೇಲೆ. ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ.

ಯಾಕೆ ಹೋದ ಎನ್ನುವುದಕ್ಕೆ ಅಪ್ಪನದು ಒಂದು ಕತೆ: ಮಾಗಡಿ ಕಡೆಯ ನಮ್ಮೂರಿನ ಸಂತೆಗೆ ಸೈನ್ಯದವರು ಬಂದರು, ಇವನು ಮುಂದೆ ಬಂದು ಎದೆ ಕೊಟ್ಟು ನಿಂತ. ಚಿಕ್ಕಪ್ಪನದು ಬೇರೆ: ಊರ ಪಟೇಲ ಆಳು ಕೊಡಬೇಕಿತ್ತು, ತನ್ನ ಮಗನ ಬದಲು ಇವನನ್ನು ಕೊಟ್ಟ. ಅಪ್ಪನ ಕತೆ ಸಿನಿಮಾದಂತಿದೆ ಎಂದು ನನಗೆ ಅನುಮಾನ. ಚಿಕ್ಕಪ್ಪನ ಕತೆ ನನ್ನ ಕಾಲದ ಸಿಟ್ಟಿಗೆ ಚೆನ್ನಾಗಿ ಹೊಂದುತ್ತದೆ, ಅದಕ್ಕೇ ಅದರ ಮೇಲೂ ಅನುಮಾನ. ಮುತ್ತಜ್ಜಿಗೆ ಮಾತ್ರ ಸಂಶಯವಿರಲಿಲ್ಲ. "ತಾನಾಗೇ ಹೋದೋನು ತಾನಾಗೇ ಬತ್ತಾನೆ" ಎನ್ನುತ್ತಿದ್ದಳಂತೆ. ತನ್ನ ಮಗ್ಗುಲಲ್ಲೇ ಮಲಗಿ ಬೆಳೆದ ಅತ್ತೆಯ ಹತ್ತಿರ ಮಾತು ತೆಗೆದುಕೊಂಡಿದ್ದಳು: ಸುದ್ದಿ ಬರುವವರೆಗೆ ಅವನಿಗೆ ಎಡೆ ಇಡಬಾರದು.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಬಾಳೆಯೆಲೆಯಲ್ಲಿ ಎಡೆ ಇಡುತ್ತೇವೆ. ಮುದ್ದೆ, ಬಾಡಿನ ಸಾರು, ಕಜ್ಜಾಯ. ಕುಡಿಯುತ್ತಿದ್ದವರಿಗೆ ಒಂದು ಲೋಟ, ಸೇದುತ್ತಿದ್ದವರಿಗೆ ಬೀಡಿ. ಎಲೆಗಳ ಸಾಲು ಸತ್ತ ಕ್ರಮದಲ್ಲೇ ಇರಬೇಕು. ಮೊದಲು ಸತ್ತವರು ಗೋಡೆಯ ಕಡೆ, ಕೊನೆಯವರು ಬಾಗಿಲ ಕಡೆ. ಗೋಡೆಯ ಪಕ್ಕದ್ದು ಮುತ್ತಜ್ಜಿಯ ಎಲೆ, ಅದರಲ್ಲಿ ಅರಿಶಿನ, ಕುಂಕುಮ, ಬಳೆ. ಬಾಗಿಲ ಹತ್ತಿರ ಅಪ್ಪ.

ಈ ವರ್ಷ ಚಿಕ್ಕಪ್ಪನ ಮಗ, ವರಸೆಯಲ್ಲಿ ನನ್ನ ತಮ್ಮ, ಮುತ್ತಜ್ಜನಿಗೂ ಎಲೆ ಹಾಕಲೇಬೇಕೆಂದು ಹಟ ಹಿಡಿದ. ಸೈಟು ವ್ಯವಹಾರ ಮಾಡುವ ಅವನಿಗೆ ಇತ್ತೀಚೆಗೆ ಮುತ್ತಜ್ಜನ ಹುಚ್ಚು. ಮೊಬೈಲಿನಲ್ಲಿ ಯಾವುದೋ ಒಂಟೆ ದಳದ ಚಿತ್ರ ಹಾಕಿ "ನಮ್ಮ ವಂಶದ ಯೋಧ" ಎಂದು ಬರೆದಿದ್ದ. ಮುತ್ತಜ್ಜ ಒಂಟೆ ಹತ್ತಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

"ಒಂದೆಲೆ ಹಾಕೋಕೆ ಏನತ್ತೆ ಕಷ್ಟ?" ಎಂದ.

ಅತ್ತೆಗೆ ಎಂಬತ್ತು ದಾಟಿದೆ. ಒಲೆಯ ಮುಂದಿನಿಂದ ಏಳಲಿಲ್ಲ. "ಎಲೆ ಹಾಕಿದ್ರೆ ಅಜ್ಜೀನ ನಾನೇ ಮುಂಡೆ ಮಾಡ್ದಂಗೆ ಕಣೋ. ಹಾಕ್ದೆ ಹೋದ್ರೆ ಅವ್ನು ಹಸ್ಕೊಂಡಿರ್ತಾನೆ. ನಿಂಗೇನು, ಫೋಟೋ ಹಾಕಿ ಕೂತ್ಕೋತೀಯ."

"ನಿಮ್ಮ ನಂತ್ರ ಯಾರು ಹಾಕ್ತಾರೆ ಹೇಳಿ?"

ಅತ್ತೆ ಸಾರಿಗೆ ಸೌಟು ಹಾಕಿ ತಿರುವಿದಳು. ಹಿಂದಿನ ರಾತ್ರಿ ಅವಳು ನಿದ್ದೆ ಮಾಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಆ ಬೆಳಿಗ್ಗೆಯೆಲ್ಲ ಸಾರಿಗೆ ಉಪ್ಪು ಹಾಕಿದೆನೇ ಎಂದು ನನ್ನನ್ನು ಕೇಳುತ್ತಲೇ ಇದ್ದಳು.

ತಮ್ಮ ತಾನೇ ಒಂದು ಎಲೆ ತೊಳೆದು ತಂದು, ಗೋಡೆಗೆ ಒತ್ತಿ, ಮುತ್ತಜ್ಜಿಗಿಂತ ಮೊದಲು ಹಾಸಿದ. ಅತ್ತೆ ಸೌಟು ಹಿಡಿದೇ ಬಂದಳು.

"ಅಲ್ಯಾಕೋ ಹಾಕ್ದೆ?"

"ಮೊದ್ಲು ಹೋಗಿದ್ದು ಅವ್ನೇ ಅಲ್ವಾ?"

"ಹೋಗಿದ್ದು ಮೊದ್ಲು. ಸತ್ತಿದ್ದು ನೋಡಿದ್ಯಾ ನೀನು?"

"ಅತ್ತೆ, ಇನ್ನೂ ಇದ್ದಿದ್ರೆ ಟಿವಿಯವ್ರು ಬಾಗ್ಲಲ್ಲಿ ನಿಂತಿರೋರು!"

ನನಗೆ ನಗು ಬಂತು. ಅತ್ತೆಗೂ ಬಂತು, ಆದರೆ ತಡೆದುಕೊಂಡಳು. ಬಗ್ಗಿ ಆ ಎಲೆಯನ್ನು ಎತ್ತಿದಳು. ಸಾಲನ್ನು ಒಮ್ಮೆ ನೋಡಿ, ಎಲ್ಲರನ್ನೂ ದಾಟಿ ಬಂದು, ನನ್ನಪ್ಪನ ಎಲೆಯ ಆಚೆ ಬಾಗಿಲ ಪಕ್ಕದಲ್ಲಿ ಹಾಸಿದಳು. ಅಂದರೆ, ನಮ್ಮ ಮನೆಯಲ್ಲಿ ಎಲ್ಲರಿಗಿಂತ ಈಚೆಗೆ ಸತ್ತವನು ಅವನು.

"ಇಲ್ಲಿರ್ಲಿ. ಅಜ್ಜಿ ಮುತ್ತೈದೆಯಾಗೇ ಹೋದ್ಲು. ಇವ್ನು ಆಮೇಲೆ ಹೋದ, ಈಗ ಹೋದ."

ತಮ್ಮ ನನ್ನ ಮುಖ ನೋಡಿದ. ಅಪ್ಪನಿಗಿಂತ ಅವನ ಅಜ್ಜ ಕಿರಿಯನಾದ ಈ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗಲಿಲ್ಲ.

ಏನು ಬಡಿಸುವುದು? ಅವನಿಗೆ ಏನು ಇಷ್ಟವಿತ್ತೆಂದು ಹೇಳುವವರು ಯಾರೂ ಉಳಿದಿಲ್ಲ. "ಮಿಲಿಟ್ರಿ ಅಂದ್ಮೇಲೆ ರಮ್ಮೇ" ಎಂದು ತಮ್ಮ, ನನ್ನಪ್ಪನ ಎಡೆಗೆಂದು ತಂದ ಬಾಟಲಿಯಿಂದಲೇ ಒಂದು ಲೋಟಕ್ಕೆ ಸ್ವಲ್ಪ ಸುರಿದ. ಅತ್ತೆ ಬೈಯಲಿಲ್ಲ. ಮುದ್ದೆಯನ್ನು ಮಾತ್ರ ಎಲ್ಲರದಕ್ಕಿಂತ ದೊಡ್ಡದು ಇಟ್ಟಳು.

ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಸತ್ತವರು ಉಣ್ಣಲೆಂದು ನಾವೆಲ್ಲ ಹೊರಗೆ ಬಂದೆವು. ಪಕ್ಕದ ಕಟ್ಟಡದಲ್ಲಿ ಟೈಲ್ಸ್ ಕತ್ತರಿಸುತ್ತಿದ್ದರು. ಅತ್ತೆ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕತ್ತು ಒರೆಸಿಕೊಂಡಳು. ಒಮ್ಮೆ ಎದ್ದಳು, ಮತ್ತೆ ಕೂತಳು.

"ನೀನು ಓದ್ದೋಳು, ಹೇಳು. ಅಲ್ಲೇ ಇನ್ನೊಂದು ಮನೆ ಮಾಡ್ಕೊಂಡಿದ್ನಾ? ಯಾರಾದ್ರೂ ಅವ್ನಿಗೆ ಅನ್ನ ಇಕ್ಕಿದ್ರಾ?"

ಹಾಗೆ ಅಲ್ಲಿ ಉಳಿದವರೂ ಇದ್ದಿರಬಹುದು ಎಂದೆ. ಮಣ್ಣಾದವರು ಬಹಳ ಎಂದೆ.

"ನಮ್ಮೋನು?"

ಗೊತ್ತಿಲ್ಲ ಅತ್ತೆ, ಎಂದೆ. ಅವನು ಎಲ್ಲಿ ಸತ್ತ, ಯಾವಾಗ ಸತ್ತ, ಕೊನೆಯ ಸಲ ಯಾರ ಕೈಯಿಂದ ಉಂಡ, ನನಗೆ ಗೊತ್ತಿಲ್ಲ.