ಮಹಬೂಬ್ ಬಿ ಹಾಕಿದ ನೀರು

ಕಡೂರಿನ ನಮ್ಮ ಬೀದಿಯಲ್ಲಿ ಮಹಬೂಬ್ ಬಿ ನೀರು ಹಾಕದ ಮನೆ ಇಲ್ಲ. ಹೆರಿಗೆಯಾದ ಮನೆಗೆ ಬೆಳಿಗ್ಗೆ ಏಳಕ್ಕೆ ಹಾಜರಾಗುತ್ತಿದ್ದಳು. ಸೀರೆ ಮೇಲೆ ಕಟ್ಟಿ, ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕುತ್ತಿದ್ದಳು. ಕೂಸು ಕಿರುಚಿದರೆ, "ಏನಪ್ಪಾ ನಿಂದು ಗಲಾಟೆ? ಅಮಲ್ದಾರ ಹುಟ್ಬಿಟ್ಯಾ?" ಎಂದು ಗದರುತ್ತಿದ್ದಳು. ಕೂಸು ಬಾಯಿ ಮುಚ್ಚುತ್ತಿತ್ತು. ನೀರು ಯಾವಾಗಲೂ ಮೊದಲು ಬಲಗಡೆಗೆ, ಆಮೇಲೆ ಎಡಗಡೆಗೆ. ನನ್ನ ಮಗನ ಬಾಣಂತನದಲ್ಲಿ ನಮ್ಮತ್ತೆ ಎಡಗಡೆಯಿಂದ ಒಂದು ಚೊಂಬು ಬಗ್ಗಿಸಿದ್ದಕ್ಕೆ ಚೊಂಬನ್ನೇ ಕಿತ್ತುಕೊಂಡಿದ್ದಳು. ನಮ್ಮತ್ತೆಗೆ ಎದುರು ನಿಂತ ಹೆಂಗಸು ಅವಳೊಬ್ಬಳೇ.

ಅದೇ ಕೈ ಸತ್ತವರಿಗೂ ನೀರು ಹಾಕುತ್ತಿತ್ತು. ಮುಸ್ಲಿಮರಲ್ಲಿ ಹೆಂಗಸು ತೀರಿಕೊಂಡರೆ ಹೆಂಗಸರೇ ಮೈ ತೊಳೆಯಬೇಕು, ತೊಳೆದ ಮೇಲೇ ಮಣ್ಣು. ಇದಕ್ಕೆ ಎದೆ ಗಟ್ಟಿ ಇರುವವರು ಊರಲ್ಲಿ ನಾಲ್ಕು ಮಂದಿ ಸಿಗುವುದಿಲ್ಲ. ಸಿಕ್ಕವರೂ ನೆಪ ಹೇಳುತ್ತಾರೆ. ಮಹಬೂಬ್ ಬಿ ಹೇಳಿದವಳಲ್ಲ. "ಹುಟ್ಟಿದಾಗ ಒಂದು ನೀರು, ಹೋಗೋವಾಗ ಒಂದು ನೀರು ನಾನು ಹಾಕ್ತೀನಿ. ಮಧ್ಯದ್ದು ನೀವೇ ಹಾಕ್ಕೊಳ್ರಿ" ಎಂದು ನಗುತ್ತಿದ್ದಳು.

ನಾನು ಕೋಮಲಾ, ಆಶಾ ಕಾರ್ಯಕರ್ತೆ. ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಾನು ಅವಳನ್ನು ಕರೆಯುವುದು ಬೂಬಮ್ಮ ಎಂದು.

ಅವಳಿಗೆ ಒಬ್ಬಳೇ ಮಗಳು, ಸುಮೇರಾ. ಅಳಿಯ ಜುಲ್ಫಿಕರ್ ದುಬೈನಲ್ಲಿ ಎಸಿ ಮೆಕ್ಯಾನಿಕ್. ನಾಲ್ಕು ವರ್ಷದ ಮಗಳು ಅರ್ಫಾಳ ಜೊತೆ ಎಲ್ಲರೂ ಅಲ್ಲೇ ಇದ್ದರು. ಮಗಳು ಮೊದಲ ಸಲ ಹೊರಟಾಗ ಮಹಬೂಬ್ ಬಿ ಉಲ್ಲನ್ನಿನಲ್ಲಿ ಒಂದು ಶಾಲು ಹೆಣೆದುಕೊಟ್ಟಿದ್ದಳು. ಗಿಣಿಹಸಿರು ಶಾಲು, ಕಿತ್ತಳೆ ಅಂಚು. ನೋಡಲು ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. "ಇಂಥದ್ದು ಇಡೀ ದುಬೈನಲ್ಲಿ ಇನ್ನೊಂದಿರಲ್ಲ ಬಿಡು ಬೂಬಮ್ಮ, ಕಳೆದ್ರೂ ಸಿಗುತ್ತೆ" ಎಂದು ನಾನು ಕಿಚಾಯಿಸಿದ್ದೆ. ಆ ಮಾತು ಯಾಕಾದರೂ ಆಡಿದೆನೋ, ಇವತ್ತಿಗೂ ನನ್ನ ನಾಲಿಗೆಯನ್ನು ಬೈದುಕೊಳ್ಳುತ್ತೇನೆ.

ಹೋದ ವರ್ಷ ಜುಲ್ಫಿಕರ್ ಮನೆಯ ತಾರಸಿ ಕೆಲಸಕ್ಕೆಂದು ಹದಿನೈದು ದಿನ ಮೊದಲೇ ಬಂದಿದ್ದ. ಹೆಂಡತಿ ಮಗಳು ಹಿಂದಿನಿಂದ ಹೊರಟರು. ಕರೆತರಲು ಅವನು ಕರಾವಳಿಯ ವಿಮಾನ ನಿಲ್ದಾಣಕ್ಕೆ ಹೋಗಿದ್ದ. ಹೊರಗೆ ಕಬ್ಬಿಣದ ಸರಳು ಹಿಡಿದು ನಿಂತವನ ಕಣ್ಣೆದುರೇ ಹೊಗೆ ಎದ್ದಿತು. ವಿಮಾನದ ಚಕ್ರ ಬಿಚ್ಚಿಕೊಳ್ಳಲಿಲ್ಲವಂತೆ. ಹೊಟ್ಟೆಯ ಮೇಲೇ ಇಳಿಸಿದರಂತೆ. ಅದು ಜಾರಿಕೊಂಡು ಹೋಗಿ ಕೊನೆಯ ಗೋಡೆಗೆ ಗುದ್ದಿ ನಡುವೆ ಮುರಿಯಿತು. ಮುಂದೆ ಕೂತವರು ಇಳಿದು ಓಡಿದರು, ಹಿಂದಿನ ಅರ್ಧಕ್ಕೆ ಬೆಂಕಿ ಬಿತ್ತು. ಮೂವತ್ತೊಂದು ಜನ ಹೋದರು. ಅರ್ಫಾಳನ್ನು ಯಾರೋ ಪುಣ್ಯಾತ್ಮ ಎತ್ತಿ ಹೊರಗೆ ಎಸೆದಿದ್ದ. ಕೈ ಮುರಿದಿತ್ತು, ಜೀವ ಇತ್ತು. ಸುಮೇರಾ ಹೊರಗೆ ಬರಲಿಲ್ಲ.

ಸುಟ್ಟ ಹೆಣಗಳಿಗೆ ಮುಖ ಇರಲಿಲ್ಲ. ಡಿಎನ್‌ಎ ಪರೀಕ್ಷೆಗೆ ಹತ್ತು ದಿನ ಬೇಕು, ಅವಸರ ಇರುವವರು ಬಟ್ಟೆಬರೆಯ ಗುರುತು ಹೇಳಿ, ಸಹಿ ಹಾಕಿ ಒಯ್ಯಬಹುದು ಎಂದರು. ಜುಲ್ಫಿಕರ್ ಅಲ್ಲಿಂದ ಫೋನ್ ಮಾಡಿ ಅತ್ತ. ನಾನು ಪಕ್ಕದಲ್ಲೇ ಇದ್ದೆ.

"ಹತ್ತು ದಿನ ನನ್ ಮಗೂನ ಐಸಲ್ಲಿ ಇಡ್ತಾರೇನೋ? ಮಯ್ಯತ್ ಇಟ್ಕೊಂಡು ಕೂರೋದುಂಟಾ? ಮುಖ ನೋಡ್ಬೇಡ. ನಾನು ಹೆಣೆದ ಶಾಲು ಹುಡುಕು. ಶಾಲು ಎಲ್ಲೋ ಅಲ್ಲೇ ಅವ್ಳು" ಎಂದಳು ಮಹಬೂಬ್ ಬಿ. ಅವರು ಮನೆಯಲ್ಲಿ ಆಡುವುದು ದಖನಿ ಉರ್ದು. ನನಗೆ ಅದು ಅರ್ಥವಾಗದೆ ಹೋಗಿದ್ದರೆ ಚೆನ್ನಾಗಿತ್ತು.

ಒಂದು ಹೆಣದ ಮೈಮೇಲೆ ಶಾಲಿನ ಒಂದು ಮೂಲೆ ಸಿಕ್ಕಿತು. ಹಸಿರು, ಕಿತ್ತಳೆ ಅಂಚು. ಅವನು ಸಹಿ ಹಾಕಿದ.

ಮೂರನೆಯ ದಿನ ಹತ್ತೂವರೆಗೆ ಆಂಬುಲೆನ್ಸ್ ಬಂತು. ಹಿಂದೆಯೇ ಇನ್ನೊಂದು ಬಂದು, ನಿಲ್ಲದೆ ಬೀರೂರಿನ ಕಡೆ ಹೋಯಿತು. "ಅದ್ರಲ್ಲಿರೋದು ಅಂತರಘಟ್ಟೆ ಕಡೆ ಹುಡ್ಗಿ ಅಕ್ಕ, ಪ್ರಿಯಾಂಕಾ ಅಂತ, ನರ್ಸು. ಇವ್ರ ಪಕ್ಕದ ಸೀಟೇ ಅಂತೆ. ಇದು ಇವ್ರದ್ದು ಅಂತ ಗುರ್ತಾದ್ಮೇಲೆ ಪಕ್ಕದಲ್ಲಿ ಸಿಕ್ಕಿದ್ದು ಅವ್ಳದ್ದೇ ಅಂತ ಕೊಟ್ರು" ಎಂದ ನಮ್ಮ ಗಾಡಿಯ ಡ್ರೈವರ್ ಹಾಲೇಶ. ಪೆಟ್ಟಿಗೆಯ ಮೇಲೆ ಕೆಂಪಕ್ಷರದಲ್ಲಿ ತೆರೆಯಬಾರದು ಎಂದು ಅಂಟಿಸಿದ್ದರು. ಮೌಲ್ವಿಗಳು ಕೂಡ, ಈ ಸ್ಥಿತಿಯಲ್ಲಿ ತೊಳೆಯದಿದ್ದರೂ ನಡೆಯುತ್ತದಮ್ಮಾ ಎಂದರು. ಟಿವಿಯವರು ಕ್ಯಾಮೆರಾ ಹಿಡಿದು ಕಾಂಪೌಂಡ್ ಹತ್ತಿದ್ದರು. ಅವರ ಮನೆ ಹಾಳಾಗ.

"ಊರವರ ಮಕ್ಳಿಗೆಲ್ಲ ಹಾಕಿದೀನಿ. ನನ್ ಮಗಳಿಗೆ ಹಾಕ್ದೆ ಕಳಿಸ್ಲಾ?" ಎಂದಳು ಮಹಬೂಬ್ ಬಿ. ಹಿತ್ತಲಲ್ಲಿ ಸೀರೆಗಳ ಮರೆ ಕಟ್ಟಿ, ಹಲಗೆ ಹಾಕಿಸಿದಳು. ನೆಂಟರ ಹೆಂಗಸರು ಒಬ್ಬೊಬ್ಬರೇ ಹಿಂದೆ ಸರಿದರು. "ಕೋಮಲಾ, ನಿನ್ ಗ್ಲೌಸ್ ತಗೊಂಡ್ ಬಾರೇ" ಎಂದಳು. ಹೋದೆ.

ಮುಖದ ವಿಷಯ ನಾನು ಹೇಳುವುದಿಲ್ಲ. ಅವಳು ಉಜ್ಜಲಿಲ್ಲ, ಬರೀ ನೀರು ಬಿಟ್ಟಳು, ಬಲಗಡೆಯಿಂದ. ತುಟಿ ಪಿಟಿಪಿಟಿ ಅನ್ನುತ್ತಿತ್ತು. ಕಾಲಿಗೆ ಬಂದಾಗ ಬೂಟು ಕಚ್ಚಿಕೊಂಡಿತ್ತು. ಕತ್ತರಿಯಲ್ಲಿ ಬಿಡಿಸಿದೆ. ಒಳಗೆ ಪಾದಕ್ಕೆ ಏನೂ ಆಗಿರಲಿಲ್ಲ, ನಿನ್ನೆ ಮಲಗಿದವಳ ಪಾದದ ಹಾಗಿತ್ತು. ಅವಳು ಎಡಪಾದದ ಬೆರಳುಗಳ ಸಂದಿಯಲ್ಲಿ ತನ್ನ ಬೆರಳು ತೂರಿಸಿದಳು. ಒಂದೊಂದಾಗಿ ತೂರಿಸಿದಳು. ಮತ್ತೆ ಮೊದಲಿನಿಂದ ನೋಡಿದಳು.

"ಕೋಮಲಾ, ಇವ್ಳು ನನ್ ಮಗಳಲ್ಲ ಕಣೇ."

ಸುಮೇರಾಳ ಎಡಗಾಲಿನ ಎರಡನೆಯ ಮೂರನೆಯ ಬೆರಳು ಹುಟ್ಟಿನಿಂದಲೇ ಅಂಟಿಕೊಂಡಿದ್ದವು. ನನಗೂ ಗೊತ್ತಿತ್ತು. ಇಲ್ಲಿ ಐದೂ ಬಿಡಿಬಿಡಿಯಾಗಿದ್ದವು.

ಮಹಬೂಬ್ ಬಿ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಅವಳ ಮುಖದಲ್ಲಿ ನಗು! "ಬದುಕಿದಾಳೆ ಕಣೇ! ಯಾವ್ದೋ ಆಸ್ಪತ್ರೇಲಿ ಪ್ರಜ್ಞೆ ಇಲ್ದೆ ಬಿದ್ದಿರ್ತಾಳೆ ಕಣೇ!"

ಅಯ್ಯೋ ದೇವರೇ, ಆ ನಗುವನ್ನು ನಾನೇ ಆರಿಸಬೇಕಾಯಿತು. ಆಸ್ಪತ್ರೆಯಲ್ಲಿದ್ದವರೆಲ್ಲರ ಹೆಸರು ಎರಡು ದಿನದಿಂದ ಪೇಪರಿನಲ್ಲಿ ಬರುತ್ತಿತ್ತು. ಸುಮೇರಾ ಅದರಲ್ಲಿಲ್ಲ. ನನ್ನ ಕಿವಿಯಲ್ಲಿದ್ದದ್ದು ಹಾಲೇಶ ಹೇಳಿದ ಪಕ್ಕದ ಸೀಟು.

"ಬೂಬಮ್ಮ, ಇನ್ನೊಂದು ಗಾಡಿ ಹೋಯ್ತಲ್ಲ..." ಎಂದೆ.

ಅವಳಿಗೆ ಹೊಳೆಯಲು ಒಂದು ಕ್ಷಣ ಹಿಡಿಯಿತು. ನಗು ಮುಖದಲ್ಲೇ ಇತ್ತು, ಕಣ್ಣು ಮಾತ್ರ ಬದಲಾಯಿತು. "ಅವ್ರು ಸುಡ್ತಾರಲ್ಲೇ" ಎಂದಳು.

ಮರೆಯಿಂದ ಹೊರಗೆ ಓಡಿ ಜುಲ್ಫಿಕರ್‌ಗೆ ಹೇಳಿದೆ. ಮೊದಲು ಅವನಿಗೆ ತಿಳಿಯಲೇ ಇಲ್ಲ. ತಿಳಿದ ಮೇಲೆ ಆಸ್ಪತ್ರೆಯಲ್ಲಿ ಅರ್ಫಾಳ ಜೊತೆಗಿದ್ದ ತನ್ನ ತಂಗಿಗೆ ಫೋನ್ ಹಚ್ಚಿದ. ಮಗು ಹೇಳಿತಂತೆ: ಪಕ್ಕದ ಅಕ್ಕ ಜ್ವರ ಬಂದು ನಡುಗುತ್ತಿದ್ದಳು, ಅಮ್ಮಿ ತನ್ನ ಶಾಲು ಹೊದಿಸಿದಳು. ಇಷ್ಟೇ. ಇಷ್ಟನ್ನು ಆ ಮಗುವಿನ ಹತ್ತಿರ ಯಾರೂ ಕೇಳಿರಲಿಲ್ಲ.

ಅಂತರಘಟ್ಟೆ ಕಡೆಯ ಆಶಾ ಕಾರ್ಯಕರ್ತೆ ಭೂಮಿಕಾ ನನಗೆ ಟ್ರೈನಿಂಗಿನಲ್ಲಿ ಪರಿಚಯ. ಫೋನ್ ಹೋಗಲಿಲ್ಲ. ಮತ್ತೆ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಜುಲ್ಫಿಕರ್ ಹಾಲೇಶನ ಗಾಡಿ ಹತ್ತಿದ. ಹಾಲೇಶ ಸೈರನ್ ಹಾಕಿದ. ಮಹಬೂಬ್ ಬಿ ಕೂಡ ಒದ್ದೆ ಕೈಯಲ್ಲೇ ಬಾಗಿಲವರೆಗೆ ಓಡಿ ಬಂದವಳು, ಅಲ್ಲೇ ನಿಂತಳು.

"ಹತ್ತು ಬೂಬಮ್ಮ!" ಎಂದು ಕೂಗಿದೆ.

"ಅವ್ಳನ್ನ ಅರ್ಧ ನೀರಲ್ಲಿ ಬಿಟ್ಟು ಹೆಂಗೆ ಹೋಗ್ಲೇ? ಅದೂ ಯಾರೋ ಹೆತ್ತ ಮಗೂನೇ ಅಲ್ವಾ?"

ಗಾಡಿ ಹೊರಟಿತು. ಅವಳು ವಾಪಸ್ ಹೋಗಿ ಹಲಗೆಯ ಮುಂದೆ ಕೂತಳು. ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ನಿನ್ನ ಮಗಳನ್ನು ಅಲ್ಲಿ ಸುಡುತ್ತಿದ್ದಾರೆ, ಇವಳ ಕಾಲು ತೊಳೀತಾ ಕೂತಿದ್ದೀಯಲ್ಲೇ ಎಂದು ಬಾಯಿಗೆ ಬಂದಿತ್ತು. ಅವಳು ಎಡಗಾಲು ಮುಗಿಸಿ, ಕೊನೆಯ ನೀರು ಹಾಕಿದಳು. ಹೆಣಕ್ಕೆ ಸುತ್ತುವ ಕಫನ್ ಬಟ್ಟೆ ಮುಟ್ಟಲಿಲ್ಲ. "ಅವ್ರ ಪದ್ಧತಿ ಬೇರೆ. ನಿನ್ ಹತ್ರ ಹೊಸ ಸೀರೆ ಇದ್ರೆ ತಾ" ಎಂದಳು. ಗೌರಿ ಹಬ್ಬಕ್ಕೆ ತೆಗೆದಿಟ್ಟಿದ್ದ ಸೀರೆ ತಂದೆ. ಹೊದಿಸುತ್ತಿರುವಾಗ ಭೂಮಿಕಾಳ ಫೋನ್ ಬಂತು.

"ಅಕ್ಕ, ಮಿಸ್ ಕಾಲ್ ಇತ್ತು. ಎಲ್ಲಾರೂ ಹೊಲದ ಹತ್ರ ಇದ್ವಿ. ಬಿಚ್ಚಬಾರ್ದು ಅಂದಿದ್ರಲ್ಲ, ಮನೆಗೂ ತರ್ಲಿಲ್ಲ, ಸೀದಾ ಹೊಲಕ್ಕೇ ತಂದು..."

"ಹಚ್ಚಿದ್ರಾ?"

"ಆಗ್ಲೇ ಅರ್ಧ ಗಂಟೆ ಆಯ್ತಲ್ಲಕ್ಕ."

ನಾನು ಫೋನ್ ಕೆಳಗಿಳಿಸಿದೆ. ಮಹಬೂಬ್ ಬಿ ನನ್ನ ಮುಖ ನೋಡಿದಳು. ಸೀರೆಯ ಸೆರಗು ಸರಿ ಮಾಡಿ, ಚೊಂಬನ್ನು ಬೋರಲು ಹಾಕಿ, ಅಲ್ಲೇ ನೆಲದ ಮೇಲೆ ಮಲಗಿಬಿಟ್ಟಳು. ಆಮೇಲೆ ಕೂಗಿದ ಕೂಗು ಮಸೀದಿಯವರೆಗೆ ಕೇಳಿಸಿತಂತೆ. "ನಾನೇ ಹೇಳ್ದೆ, ಶಾಲು ನೋಡು ಅಂತ ನಾನೇ ಹೇಳ್ದೆ" ಎಂದು ಎದೆಗೆ ಹೊಡೆದುಕೊಂಡಳು. ನಾಲ್ಕು ಹೆಂಗಸರು ಹಿಡಿದರೂ ಕೈ ನಿಲ್ಲಲಿಲ್ಲ.

ಅಧಿಕಾರಿಗಳು ಬಂದರು, ಹೇಳಿಕೆ ಬರೆಸಿಕೊಂಡರು, ಹಲ್ಲು ಕೂದಲು ಮಾದರಿ ತೆಗೆದುಕೊಂಡರು. ನಡೆದದ್ದಕ್ಕೆ ವಿಷಾದವಿದೆಯಂತೆ. ವಿಷಾದ! ಮಾರನೆಯ ದಿನ, ಅವಳ ತಂದೆ ಬಂದು ಪಾದ ನೋಡಿ ಗುರುತು ಹಿಡಿದ ಮೇಲೆ, ಪ್ರಿಯಾಂಕಾಳನ್ನು ಅವಳ ಊರಿಗೆ ಕಳಿಸಿದರು. ಅದೇ ಹೊಲದಲ್ಲಿ ಎರಡನೆಯ ಬೆಂಕಿ ಹಚ್ಚಿದರು. ಕಡೂರಿನ ಖಬರಸ್ತಾನದಲ್ಲಿ ಸುಮೇರಾಳಿಗೆ ತೋಡಿದ ಗುಂಡಿ ಖಾಲಿ ಬಿದ್ದಿತ್ತು.

ಎರಡು ದಿನ ಬಿಟ್ಟು ಪ್ರಿಯಾಂಕಾಳ ತಂದೆ ರಂಗಯ್ಯ ಜುಲ್ಫಿಕರ್‌ಗೆ ಫೋನ್ ಮಾಡಿದ. ನಾಳೆ ನಮ್ಮ ಮಗಳಿಗೆ ಹಾಲು ತುಪ್ಪ ಬಿಡ್ತೀವಿ, ನಿಮ್ಮ ಮನೆಯವ್ರ ಬೂದೀನ ನಾವು ಮುಟ್ಟಿಲ್ಲ, ಸುತ್ತ ಕಲ್ಲಿಟ್ಟು ಕಾಯ್ತಿದೀವಿ, ಬಂದು ತಗೊಂಡು ಹೋಗಿ ಎಂದ. ಹೇಳಿ ಮುಗಿಸುವಾಗ ಮುದುಕ ಅತ್ತುಬಿಟ್ಟನಂತೆ.

ನಾನೂ ಹೋದೆ. ರಾಗಿ ಹೊಲದ ಬದುವಿನಲ್ಲಿ ಎರಡು ಬೂದಿ ಗುಡ್ಡೆಗಳಿದ್ದವು. ಪ್ರಿಯಾಂಕಾಳ ತಾಯಿ ತಿಮ್ಮಕ್ಕ ಬಂದು ಮಹಬೂಬ್ ಬಿಯ ಎದುರು ನಿಂತಳು.

"ನನ್ ಮಗೀಗೆ ನೀನೇ ನೀರು ಹಾಕ್ದೇನವ್ವ?" ಎಂದಳು ತಿಮ್ಮಕ್ಕ.

"ಹೂಂ ಕಣವ್ವ. ಬೆಚ್ಚಗಿನ ನೀರು. ನೋಯಿಸ್ಲಿಲ್ಲ."

"ನಾವು ನಿನ್ ಮಗೀಗೆ ಏನೂ ಹಾಕ್ಲಿಲ್ಲ ಕಣವ್ವ. ಬಿಚ್ಚಬ್ಯಾಡಿ ಅಂದ್ರು, ಬಿಚ್ಲಿಲ್ಲ. ಅಂಗೇ ಮಡಗಿ ಹಚ್ಬಿಟ್ವಿ." ತಿಮ್ಮಕ್ಕ ಅವಳ ಕಾಲು ಹಿಡಿಯಲು ಬಗ್ಗಿದಳು. ಮಹಬೂಬ್ ಬಿ ಎತ್ತಿ ನಿಲ್ಲಿಸಿದಳು. ಆಮೇಲೆ ಕಡೂರಿನಿಂದ ತಂದಿದ್ದ ಕೊಡದಿಂದ ಚೊಂಬಿಗೆ ನೀರು ತುಂಬಿಕೊಂಡು ಗುಡ್ಡೆಯ ಹತ್ತಿರ ಹೋದಳು. ಚೊಂಬು ಎತ್ತಿದವಳು ಸುರಿಯಲಿಲ್ಲ. ಗುಡ್ಡೆಯ ಈ ಕಡೆ ಬಂದಳು, ಆ ಕಡೆ ಹೋದಳು. ನೂರಾರು ಮೈಗೆ ನೀರು ಹಾಕಿದ ಕೈ ಗಾಳಿಯಲ್ಲಿ ನಿಂತಿತ್ತು.

"ಬಲಗಡೆಯಿಂದ ಶುರು ಮಾಡ್ಬೇಕು. ಇದ್ರಲ್ಲಿ ಬಲ ಯಾವ್ದೇ, ಕೋಮಲಾ?" ಎಂದಳು.

ತಿಮ್ಮಕ್ಕ ಮುಂದೆ ಬಂದು ಅವಳ ಮೊಳಕೈ ಹಿಡಿದಳು.

"ತಲೆ ತೆಂಕ್ಲಾಗೆ ಮಡಗಿದ್ವಿ ಕಣವ್ವ. ಬಲಗೈ ಮೂಡ್ಲಾಗೆ ಬತ್ತದೆ. ಇಲ್ಲಿ, ಈ ಕಡೆಯಿಂದ ಬಿಡು" ಎಂದಳು.