ಕಂಬಳಿಗೆ ಸಿಕ್ಕ ಉಗುರು

ಬೆಟ್ಟದೂರು ಸಿಕುವಾನಿಯ ಸಂತೆಯಲ್ಲಿ ಕುರಿತಲೆ ಸಾರು ಮಾರುವ ಎರ್ಮೆಲಿಂದಾ ಮನೆ ಸೇರುವಾಗ ಮಧ್ಯಾಹ್ನ ಇಳಿದಿತ್ತು. ಬೆಳಗಿನ ಚಳಿಗೆ ಬಿರಿದ ಬೆರಳುಗಳು ಇನ್ನೂ ಚುರುಗುಡುತ್ತಿದ್ದವು. ಖಾಲಿ ಹಂಡೆಯನ್ನು ಹೊಸ್ತಿಲಲ್ಲೇ ಇಳಿಸಿ, ಗೋಡೆಗೊರಗಿ ಒಂದು ಗಳಿಗೆ ಕಣ್ಣು ಮುಚ್ಚೋಣ ಅಂದುಕೊಂಡಳು. ಅಷ್ಟರಲ್ಲೇ ಒಳಕೋಣೆಯಿಂದ ಅತ್ತೆಯ ಕೂಗು.

"ಏ ಸಾರಿನವಳೇ! ಎಲ್ಲಿ ಸತ್ತೆ? ಬಾರೇ ಬೇಗ, ನನ್ನ ಮಿಸ್ಕಿ ಹೋಯ್ತು!"

ಅತ್ತೆ ಫೆಲಿಸಿತಾಸ್ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದವಳು. ಎರ್ಮೆಲಿಂದಾಳ ಗಂಡ ಲಾರಿ ಓಡಿಸುತ್ತ ತಿಂಗಳುಗಟ್ಟಲೆ ಘಟ್ಟದಾಚೆ ಇರುತ್ತಿದ್ದ. ಮುದುಕಿಯನ್ನು ಎಬ್ಬಿಸುವುದು, ತೊಳೆಯುವುದು, ಉಣಿಸುವುದು, ಬೈಸಿಕೊಳ್ಳುವುದು ಎಲ್ಲ ಸೊಸೆಯ ಪಾಲಿಗೆ. ಅದರ ಮೇಲೆ ಈ ಮಿಸ್ಕಿ. ಎಲ್ಲರ ಮನೆಯ ಹಾಗೆ ಇವರ ಅಡುಗೆಮನೆಯ ಮೂಲೆಯಲ್ಲೂ ಗಿನಿ ಇಲಿಗಳ ಹಿಂಡು ಕುಯ್ ಕುಯ್ ಅನ್ನುತ್ತ ಸಿಪ್ಪೆ ಮೆಲ್ಲುತ್ತಿತ್ತು. ಹಬ್ಬ ಬಂತೆಂದರೆ ಅವು ಬಾಣಲೆಗೆ ಹೋಗುತ್ತಿದ್ದವು. ತಾಯಿ ಸತ್ತ ಒಂದು ಮರಿಯನ್ನು ಮಾತ್ರ ಮುದುಕಿ ಮಡಿಲಿಗೆಳೆದುಕೊಂಡು, ಮಿಸ್ಕಿ ಎಂದು ಹೆಸರಿಟ್ಟು ಸಾಕಿಕೊಂಡಿದ್ದಳು. ಹಗಲು ಮುದುಕಿಯ ಹಾಸಿಗೆ, ರಾತ್ರಿ ಪಕ್ಕದ ಹುಲ್ಲಿನ ಪೆಟ್ಟಿಗೆ, ಇಷ್ಟೇ ಅದಕ್ಕೆ ಮನೆ. ಅದರ ಹಿಕ್ಕೆ ಗುಡಿಸುವಾಗೆಲ್ಲ ಎರ್ಮೆಲಿಂದಾ, "ನಿನಗೂ ಒಂದು ಹಬ್ಬ ಬರುತ್ತೆ ಇರು," ಎಂದು ಮನಸ್ಸಲ್ಲೇ ಹಲ್ಲು ಕಡಿದದ್ದುಂಟು.

ಒಳಗೆ ಹೋದರೆ ಹಾಸಿಗೆ ತುಂಬ ರಕ್ತದ ಚುಕ್ಕೆ. ಕಂಬಳಿಯ ಎಳೆಗೆ ಮಿಸ್ಕಿಯ ಮುಂಗಾಲಿನ ಉಗುರು ಸಿಕ್ಕಿಕೊಂಡು, ಬೆದರಿ ಎಳೆದದ್ದಕ್ಕೆ ಬುಡದಲ್ಲೇ ಕಿತ್ತುಬಂದಿತ್ತು. ಮುದುಕಿ ಅದನ್ನು ಎದೆಗೆ ಅವುಚಿಕೊಂಡಿದ್ದಳು. ಅದು ಕಿರ್ರನೆ ಚೀರುತ್ತಿತ್ತು.

"ಹಾಗೆ ಅಮುಕಬೇಡಿ ಅತ್ತೆ, ಉಸಿರು ಕಟ್ಟುತ್ತೆ. ಇಲ್ಲಿ ಕೊಡಿ."

ಮೈಯನ್ನು ಟವೆಲಿನಲ್ಲಿ ಸುತ್ತಿ, ಗಾಯದ ಕಾಲನ್ನಷ್ಟೇ ಹೊರಗೆ ಬಿಟ್ಟು ಮಡಿಲಲ್ಲಿ ಇಟ್ಟುಕೊಂಡಳು. ಕಾಯಿಸಿ ಆರಿಸಿದ್ದ ನೀರಿಗೆ ಚಿಟಿಕೆ ಉಪ್ಪು ಬೆರೆಸಿ, ಗಾಯಕ್ಕೆ ಅಂಟಿದ್ದ ಕಂಬಳಿಯ ಜೂಲು ತೊಳೆದಳು. ಒಗೆದ ಬಟ್ಟೆ ಮಡಚಿ ಒತ್ತಿ ಹಿಡಿದಳು.

"ಒಲೆ ಬೂದಿ ಹಾಕೇ," ಎಂದಳು ಮುದುಕಿ.

"ಬೂದಿ ಬೇಡ."

"ನಿನಗೇನೇ ಗೊತ್ತು?"

"ಏನೂ ಗೊತ್ತಿಲ್ಲ. ಬೂದಿ ಹಾಕಿ ನಮ್ಮಮ್ಮನ ಮನೇಲಿ ಒಂದರ ಕಾಲು ಕೊಳೆತುಹೋಯ್ತು, ಅಷ್ಟು ಗೊತ್ತು."

ಬಟ್ಟೆ ಎತ್ತಿ ಎತ್ತಿ ನೋಡಿದರೆ ಕಟ್ಟಿದ ರಕ್ತವೂ ಒಡೆಯುತ್ತದೆಂದು ಹಾಗೇ ಒತ್ತಿಕೊಂಡು ಕೂತಳು. ಬೆನ್ನು ಸಿಡಿಯುತ್ತಿತ್ತು, ರೆಪ್ಪೆ ಜಗ್ಗುತ್ತಿತ್ತು. ಬಹಳ ಹೊತ್ತಿನ ಮೇಲೆ ನೋಡಿದರೆ ಇನ್ನೂ ಸ್ವಲ್ಪ ಜಿನುಗು. ಜೋಳದ ನಯವಾದ ಹಿಟ್ಟು ತಂದು ಉಗುರಿನ ಬುಡಕ್ಕೆ ಮೆತ್ತಿ, ಮತ್ತೆ ಒತ್ತಿದಳು. ಆಗ ನಿಂತಿತು.

ಹೊತ್ತಿಗೆ ಸರಿಯಾಗಿ ಮೈದುನ ನಿಕಾನೋರ್ ಬಂದ. ಉಳಿದ ಸಾರಿನ ವಾಸನೆ ಹಿಡಿದು ವಾರಕ್ಕೊಮ್ಮೆ ಬರುವ ಆಸಾಮಿ. ಟೋಪಿ ತೆಗೆದು, ಮಡಿಲಲ್ಲಿದ್ದುದನ್ನು ನೋಡಿ ನಕ್ಕ.

"ಏನತ್ತಿಗೆ, ಇದಕ್ಕೂ ಬಾಣಂತನವೇ? ಹೇಗೂ ಕುಂಟಾಯ್ತು. ನಾಳೆ ಭಾನುವಾರ, ಆಲೂಗಡ್ಡೆ ನಾನು ತರ್ತೀನಿ."

ಮುದುಕಿ ಮಗನ ಮುಖವನ್ನೇ ನೋಡುತ್ತ ಕಂಬಳಿಯ ಅಂಚು ಹಿಡಿದುಕೊಂಡಳು.

"ತನ್ನಿ, ನಿಮ್ಮನ್ನೇ ಹುರಿಯೋಣ," ಎಂದಳು ಎರ್ಮೆಲಿಂದಾ. "ನಾನು ಸಂತೇಲಿ, ನಿಮ್ಮಣ್ಣ ಲಾರೀಲಿ, ನೀವು ಎಲ್ಲಿರ್ತೀರೋ ದೇವರೇ ಬಲ್ಲ. ಹಗಲೆಲ್ಲ ನಿಮ್ಮಮ್ಮನ ಮಾತು ಕೇಳೋದು ಇದೊಂದೇ. ಇದನ್ನೂ ತಿಂದ್ಕೊಂಡು ಹೋಗ್ತೀರಾ?"

ಇಂಥ ಮಾತು ತನ್ನ ಬಾಯಿಂದ ಬಂತೇ ಎಂದು ಅವಳಿಗೇ ಅಚ್ಚರಿ. ನಿಕಾನೋರ್ "ತಮಾಷೆಗೆ ಅಂದೆ" ಎನ್ನುತ್ತ ಸಾರನ್ನೂ ಕೇಳದೆ ಹೊರಟುಹೋದ.

ಅಂದೇ ಅವಳು ಎಳೆ ಬಿಟ್ಟ ಕಂಬಳಿಯನ್ನು ತೆಗೆದು ನುಣುಪಾದ ಹೊದಿಕೆ ಹಾಸಿದಳು. ಹುಲ್ಲಿನ ಕಸ ಗಾಯಕ್ಕೆ ಚುಚ್ಚದಂತೆ ಮಿಸ್ಕಿಯ ಪೆಟ್ಟಿಗೆಗೂ ಹಳೆಯ ಹತ್ತಿಬಟ್ಟೆ. ದಿನಾ ಬೆಳಿಗ್ಗೆ ಬಟ್ಟೆ ಬದಲಿಸಿ, ಉಪ್ಪುನೀರಲ್ಲಿ ಪಾದ ತೊಳೆದು, ಬಾವು ಬಂದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಸಂತೆಗೆ ಹಂಡೆ ಹೊರುತ್ತಿದ್ದಳು. ಮೊದಲು ಮುದುಡಿ ಕೂತಿದ್ದ ಮಿಸ್ಕಿ ಮೆಲ್ಲಗೆ ಕುದುರೆಮಸಾಲೆ ಸೊಪ್ಪಿಗೆ ಬಾಯಿ ಹಾಕಿತು. ಪಾದ ಊರತೊಡಗಿತು.

ಮುದುಕಿ ಎಲ್ಲವನ್ನೂ ನೋಡುತ್ತಿದ್ದಳು. ಒಂದು ಬೆಳಿಗ್ಗೆ ತಾನಾಗಿಯೇ ಹೊದಿಕೆ ಸರಿಸಿ, ಯಾರಿಗೂ ಮುಟ್ಟಗೊಡದ ಉಣ್ಣೆ ಕಾಲುಚೀಲವನ್ನು ತೋರಿಸಿದಳು.

"ಇದನ್ನೂ ಒಂದಿಷ್ಟು ನೋಡೇ."

ಬಿಚ್ಚಿದರೆ ಉಗುರುಗಳು ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ್ದವು. ಒಂದು ಉಗುರು ಪಕ್ಕದ ಬೆರಳನ್ನೇ ಒತ್ತುತ್ತಿತ್ತು. ಎರ್ಮೆಲಿಂದಾಳಿಗೆ ಸಂಕಟವಾಯಿತು. ಅದರ ಹಿಂದೆಯೇ, ಇದೂ ಒಂದು ಕೆಲಸ ಸೇರಿತಲ್ಲ ದೇವರೇ ಎನ್ನಿಸಿತು.

"ಇಷ್ಟು ದಿನ ಯಾಕೆ ಹೇಳಲಿಲ್ಲ ಅತ್ತೆ?"

"ನಾಚಿಕೆ ಆಗ್ತಿತ್ತು ಕಣೆ."

ಬಿಸಿನೀರಿನ ಬೋಗುಣಿ ತಂದು ಪಾದಗಳನ್ನು ನೆನೆಹಾಕಿದಳು. ಮೆತ್ತಗಾದ ಮೇಲೆ ಒಂದೊಂದೇ ಉಗುರನ್ನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿದಳು. ಕೊನೆಯ ಬೆರಳು ಮುಗಿದಾಗ ಎರ್ಮೆಲಿಂದಾ ಅಲ್ಲೇ ಹಾಸಿಗೆಯ ಕಾಲ್ದೆಸೆಗೆ ತಲೆಯಿಟ್ಟು ನಿದ್ದೆಹೋದಳು. ಅತ್ತೆ ಅವಳನ್ನು ಎಬ್ಬಿಸಲಿಲ್ಲ.

ಆ ದಿನ ಸಾರು ಸಂತೆ ಸೇರುವಾಗ ಬಿಸಿಲು ನೆತ್ತಿಗೇರಿತ್ತು. ಗಿರಾಕಿಗಳು ಬೈದು ಬೇರೆ ಕಡೆ ಉಂಡಿದ್ದರು.